ನಾಲ್ಕನೇ ತೂತಿನ ರಿಷಭ

ಜರ್ಮನಿಯಲ್ಲಿ ವಾದ್ಯ ಕಲಿಯಹೊರಟವನಿಗೆ ಮೊದಲು ಬೇಕಾದದ್ದು ಗುರುವಲ್ಲ, ವೇಳಾಪಟ್ಟಿ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಸದ್ದು ಮಾಡುವಂತಿಲ್ಲ. ನಮ್ಮ ಕಟ್ಟಡದ ನಿಯಮದಂತೆ ಮಧ್ಯಾಹ್ನ ಒಂದರಿಂದ ಮೂರರವರೆಗೂ ಮೌನವ್ರತ. ಭಾನುವಾರವಂತೂ ಗೋಡೆಗೆ ಡ್ರಿಲ್ ಹಾಕುವಂತಿಲ್ಲ, ಹುಲ್ಲು ಕತ್ತರಿಸುವ ಯಂತ್ರ ಓಡಿಸುವಂತಿಲ್ಲ, ಖಾಲಿ ಗಾಜಿನ ಬಾಟಲಿಗಳನ್ನು ಬೀದಿಯ ತೊಟ್ಟಿಗೆ ಹಾಕುವಂತಿಲ್ಲ. ಇದರ ಜೊತೆಗೆ ಸರದಿಯ ಮೇಲೆ ಮೆಟ್ಟಿಲು ಗುಡಿಸುವ ವಾರ ಬೇರೆ. ಸ್ಟುಟ್‌ಗಾರ್ಟ್ ಕಡೆಯವರು ಅದನ್ನು ನಮ್ಮ ವರಮಹಾಲಕ್ಷ್ಮಿಯಷ್ಟೇ ನಿಷ್ಠೆಯಿಂದ ಆಚರಿಸುತ್ತಾರೆ. ಕಚೇರಿ, ಮಗಳ ಈಜು ಕ್ಲಾಸು ಎಲ್ಲ ಕಳೆದು ನನ್ನ ಕಲಾಸೇವೆಗೆ ಉಳಿಯುವುದು ಸಂಜೆ ಆರೂವರೆಯಿಂದ ಏಳು. ಅಂದರೆ ಹುಳಿಗೆ ಒಗ್ಗರಣೆ ಬೀಳುವ ಹೊತ್ತು.

ವಾದ್ಯ ಯಾವುದೆಂಬ ಪ್ರಶ್ನೆ ಏಳಲಿಲ್ಲ. ಇಲ್ಲಿಂದ ಕಾರಿನಲ್ಲಿ ದಕ್ಷಿಣಕ್ಕೆ ಗಂಟೆ ಚಿಲ್ಲರೆ ಹೋದರೆ ಟ್ರೊಸಿಂಗನ್ ಎಂಬ ಊರು ಸಿಗುತ್ತದೆ. ಗಡಿಯಾರದ ಕೆಲಸ ಮಾಡಿಕೊಂಡಿದ್ದ ಮಥಿಯಾಸ್ ಹೋನರ್ 1857ರಲ್ಲಿ ಮೌತ್ ಆರ್ಗನ್ ತಯಾರಿಗೆ ಇಳಿದದ್ದು ಅಲ್ಲೇ. ಈಗ ಅದಕ್ಕೊಂದು ಮ್ಯೂಸಿಯಮ್ಮೂ ಇದೆ. ನಮ್ಮಪ್ಪನ ಪ್ರಕಾರ ಮೌತ್ ಆರ್ಗನ್ ಹುಟ್ಟಿದ್ದು ಮಾತ್ರ 1958ರ ‘ಸೋಲ್ವಾ ಸಾಲ್’ ಸಿನಿಮಾದಲ್ಲಿ, ಆರ್.ಡಿ. ಬರ್ಮನ್ ಬಾಯಲ್ಲಿ. ತವರೂರು ಇಷ್ಟು ಹತ್ತಿರವಿರುವಾಗ ಬೇರೆ ವಾದ್ಯ ಹಿಡಿಯುವುದು ಸರಿಯಲ್ಲ ಎಂದು ಹತ್ತು ತೂತಿನದೊಂದನ್ನು ಕೊಂಡೆ. ಕೀಬೋರ್ಡ್ ಆಗಿದ್ದರೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಮನೆಯವರನ್ನು ಉಳಿಸಬಹುದಿತ್ತು. ಮೌತ್ ಆರ್ಗನ್‌ನಲ್ಲಿ ಆ ರಿಯಾಯಿತಿ ಇಲ್ಲ. ಹೆಡ್‌ಫೋನ್ ಹಾಕಿಕೊಳ್ಳಬೇಕಾದವರು ಮನೆಯವರೇ. ನನ್ನ ಹೆಂಡತಿ ಹಾಕಿಕೊಂಡಳು.

ಗುರುವಿನ ಪೀಠದಲ್ಲಿ ಲ್ಯಾಪ್‌ಟಾಪ್ ಕೂತಿತು. ಪ್ರೋಗ್ರಾಂ ತೆರೆದರೆ ತೆರೆಯ ಮೇಲಿಂದ ಅಂಕಿಗಳು ಇಳಿದು ಬರುತ್ತವೆ. ನಾಲ್ಕರ ಪಕ್ಕ ಮೇಲಿನ ಬಾಣವಿದ್ದರೆ ನಾಲ್ಕನೇ ತೂತಿಗೆ ಊದು, ಕೆಳಗಿನ ಬಾಣವಿದ್ದರೆ ಉಸಿರು ಎಳೆ. ಊದಿದರೆ ಷಡ್ಜ, ಎಳೆದರೆ ರಿಷಭ. ಮೈಕು ಕೇಳಿಸಿಕೊಂಡು ಕಂಪನದ ಲೆಕ್ಕ ಹಾಕುತ್ತದೆ. ಪಕ್ಕದಲ್ಲೊಂದು ಮುಳ್ಳು ಅಲ್ಲಾಡುತ್ತದೆ. ಎರಡು ಅಕ್ಕಪಕ್ಕದ ಸ್ವರಸ್ಥಾನಗಳ ನಡುವಿನ ಅಂತರವನ್ನು ನೂರು ಸೆಂಟ್ ಎಂದು ಭಾಗ ಮಾಡಿಟ್ಟಿದ್ದಾರೆ. ಸರಿಯಾಗಿ ಬಂದರೆ ಹಸಿರು, ತಪ್ಪಿದರೆ ಕೆಂಪು. ಬೈಗುಳವಿಲ್ಲ, ನಿಟ್ಟುಸಿರಿಲ್ಲ, ‘ನಿಮ್ಮಣ್ಣ ಎಷ್ಟು ಬೇಗ ಕಲಿತ’ ಎಂಬ ಮಾತಿಲ್ಲ. ಕನ್ನಡ ಮನೆಯಲ್ಲಿ ಬೆಳೆದವನಿಗೆ ಇಂಥ ಗುರು ಸಿಕ್ಕಿದರೆ ಅನುಮಾನ ಬರುವುದು ಸಹಜ.

ಅನುಮಾನ ನಿಜವಾಗಿಸಲು ಮೈಸೂರಿನಿಂದ ಅತ್ತೆಯವರು ಬಂದಿಳಿದರು. ಚಾಮರಾಜಪುರಂನ ಮನೆ ಜಗಲಿಯಲ್ಲಿ ಬಹಳ ಕಾಲ ಮಕ್ಕಳಿಗೆ ಪಾಠ ಹೇಳಿದವರು. ವೀಸಾ ತೊಂಬತ್ತು ದಿನದ್ದು. ಒಂದು ಸಂಜೆ ಅವರು ಹುರುಳಿಕಾಯಿ ಹೆಚ್ಚುತ್ತಾ ತಮ್ಮಷ್ಟಕ್ಕೆ ಗುನುಗುತ್ತಿದ್ದರು. ನಾನು ಇನ್ನೂ ವಾದ್ಯದ ಡಬ್ಬಿ ತೆಗೆಯುತ್ತಿದ್ದೆ. ಅಷ್ಟರಲ್ಲಿ ಲ್ಯಾಪ್‌ಟಾಪು ನನ್ನ ಹೆಸರಿಗೆ ಸಾಲುಸಾಲಾಗಿ ಹಸಿರು ಹಾಕತೊಡಗಿತು. ಯಾರ ಬಾಯಿ ಎಂದು ಅದಕ್ಕೆ ಗೊತ್ತಿಲ್ಲ, ಸ್ವರ ಸಿಕ್ಕಿದರೆ ಸಾಕು. “ಅಪ್ಪ, ಊದದೇ ಇದ್ದಾಗ ನೀನು ತುಂಬಾ ಚೆನ್ನಾಗಿ ನುಡಿಸ್ತೀಯ,” ಎಂದಳು ಮಗಳು.

ಅತ್ತೆಗೆ ಕುತೂಹಲ ಹುಟ್ಟಿತು. ಚಾಕು ಕೆಳಗಿಟ್ಟು ಬಂದು ಕೂತರು, ಗಾಂಧಾರ ಹಿಡಿದು ಗಮಕ ಸಮೇತ ಹಾಡಿದರು. ಮುಳ್ಳು ಆ ಕಡೆ ಈ ಕಡೆ ಹೊಯ್ದಾಡಿತು; ತೆರೆ ಪೂರ್ತಿ ಕೆಂಪಾಯಿತು. ಕೆಳಗೆ ಸಲಹೆ: ಸ್ವರವನ್ನು ಸ್ಥಿರವಾಗಿ ಹಿಡಿಯಲು ಅಭ್ಯಾಸ ಮಾಡಿ.

“ಯಾರಪ್ಪ ಇವನು?” ಎಂದರು ಅತ್ತೆ. “ಸ್ವರ ಅಂದ್ರೆ ಗೋಡೆಗೆ ಹೊಡೆದ ಮೊಳೆ ಥರ ಒಂದೇ ಕಡೆ ನಿಂತಿರಬೇಕಂತಾ?”

ಅಂದಿನಿಂದ ಪಾಠ ಅವರ ಕೈಗೆ ಹೋಯಿತು. ಮೊದಲು ವಾದ್ಯದ ತಪಾಸಣೆ. ಇದರ ಕೆಳಗಿನ ಮೂರು ತೂತುಗಳಲ್ಲಿ ಮ ಇಲ್ಲ, ದ ಇಲ್ಲ. ಪ ಮಾತ್ರ ಎರಡು ಕಡೆ ಇದೆ. ಜರ್ಮನ್ ಜನಪದ ಹಾಡುಗಳಿಗೆ ಹಿನ್ನೆಲೆಯಾಗಿ ಒಟ್ಟಿಗೆ ಮೂರು ಸ್ವರ ಮೊಳಗಲಿ ಎಂದು ಹಾಗೆ ಜೋಡಿಸಿದ್ದಾರೆ ಎಂದು ವಿವರಿಸಿದೆ. ಅತ್ತೆ ಕಿಟಕಿಯಾಚೆ ಹೋಗುತ್ತಿದ್ದ ಕಾರುಗಳನ್ನು ನೋಡಿದರು. “ಎರಡು ಸ್ವರ ಬಿಟ್ಟು ವಾದ್ಯ ಮಾಡಿದ ಜನ, ಕಾರಿಗೆ ಬ್ರೇಕು ಹಾಕಿರ್ತಾರೆ ತಾನೆ?”

ನಾಲ್ಕನೇ ತೂತಿನಿಂದ ಮುಂದೆ ಸಪ್ತಸ್ವರವೂ ಸಿಗುತ್ತದೆ ಎಂದು ಸಮಾಧಾನ ಹೇಳಿದೆ. ಆದರೆ ಸಿಗುವುದು ಶಂಕರಾಭರಣದ ಸ್ವರಗಳು. ಅತ್ತೆಗೆ ಬೇಕಾದದ್ದು ಮಾಯಾಮಾಳವಗೌಳ. ಪುರಂದರದಾಸರ ಕಾಲದಿಂದ ಪಾಠ ಶುರುವಾಗುವುದು ಅಲ್ಲಿಂದ ಎಂಬುದು ಅವರ ವಾದ. ಅದಕ್ಕೆ ರಿಷಭ, ಧೈವತ ಎರಡೂ ಅರ್ಧ ಮನೆ ಕೆಳಗಿರಬೇಕು. ಮೌತ್ ಆರ್ಗನ್‌ನಲ್ಲಿ ಅದಕ್ಕೂ ದಾರಿಯುಂಟು. ನಾಲ್ಕನೇ ಮತ್ತು ಆರನೇ ತೂತಿನಲ್ಲಿ ಉಸಿರು ಎಳೆಯುವಾಗ, ಬಾಯೊಳಗೆ ‘ಈ’ ಎನ್ನುವ ಆಕಾರದಿಂದ ‘ಊ’ ಎನ್ನುವ ಆಕಾರಕ್ಕೆ ನಾಲಿಗೆಯನ್ನು ಹಿಂದೆ ಸರಿಸಿದರೆ ಸ್ವರ ಬಾಗಿ ಕೆಳಗಿಳಿಯುತ್ತದೆ. ಇದಕ್ಕೆ ಬೆಂಡ್ ಎನ್ನುತ್ತಾರೆ. ಪ್ರೋಗ್ರಾಮಿನಲ್ಲಿ ಅದು ಬಹಳ ಮುಂದಿನ ಪಾಠ, ಬೀಗ ಹಾಕಿಟ್ಟಿದ್ದಾರೆ. ಅತ್ತೆಗೆ ಅದು ಮೊದಲ ದಿನದ ಪಾಠ.

ನಾನು ಎಳೆದೆ. ನೂರು ಸೆಂಟ್ ಇಳಿಯಬೇಕಾದ ಸ್ವರ ಅರ್ಧ ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು.

“ಅಳಿಯಂದ್ರೇ, ಇದು ಚತುಶ್ರುತಿ ರಿಷಭ ಅಲ್ಲ, ಶುದ್ಧ ರಿಷಭಾನೂ ಅಲ್ಲ. ಎರಡರ ಮಧ್ಯೆ ನೀವೊಬ್ಬರೇ ಇದ್ದೀರಿ.”

ಬೆಂಡ್ ಅಭ್ಯಾಸದ ಸದ್ದು ಹೇಗಿರುತ್ತದೆಂಬುದಕ್ಕೆ ಮೂರನೆಯವರ ಸಾಕ್ಷಿಯೂ ಸಿಕ್ಕಿತು. ಮೆಟ್ಟಿಲು ಗುಡಿಸುವ ವಾರದಲ್ಲಿ ಎದುರಾದ ಕೆಳಮನೆಯ ಅಜ್ಜಿ ಬಹಳ ಸೌಜನ್ಯದಿಂದ ಒಂದು ಪುಟ್ಟ ಎಣ್ಣೆ ಡಬ್ಬಿ ಕೈಗಿಟ್ಟು, ನಿಮ್ಮ ಮನೆ ಬಾಗಿಲಿನ ಕೀಲಿಗೆ ಹಾಕಿ ಎಂದರು. ಅತ್ತೆಗೆ ಭಾಷೆ ಬರುವುದಿಲ್ಲ; ಡಬ್ಬಿ ನೋಡಿದ್ದೇ ಅರ್ಥವಾಗಿ, ಅಜ್ಜಿಯ ಕೈ ಹಿಡಿದು ಕುಲುಕಿದರು. ಆಮೇಲೆ ಅವರಿಬ್ಬರೂ ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ ನನ್ನನ್ನು ತೋರಿಸಿ ನಗುತ್ತಿದ್ದರು. ಇಂಡೋ–ಜರ್ಮನ್ ಬಾಂಧವ್ಯಕ್ಕೆ ನನ್ನ ಕಾಣಿಕೆ ಇಷ್ಟು.

ತೊಂಬತ್ತು ದಿನ ಮುಗಿದು ಅತ್ತೆ ಹೊರಟರು. ಪ್ರೋಗ್ರಾಂ ಮತ್ತೆ ಗುರುವಾಗಲಿಲ್ಲ. ಅತ್ತೆಯ ಅಪ್ಪಣೆಯಂತೆ ಅದೀಗ ಶ್ರುತಿ ಹಿಡಿಯುವ ಕೆಲಸಕ್ಕೆ ಮಾತ್ರ. ಪಾಠ ವಿಡಿಯೋ ಕರೆಯಲ್ಲಿ, ವಾರಕ್ಕೊಮ್ಮೆ. ಇಲ್ಲಿ ದೇವರು ನನ್ನ ಪಕ್ಷ ವಹಿಸಿದ. ಈ ವಿಡಿಯೋ ಕರೆಗಳಿಗೆ ಮನುಷ್ಯರ ಮಾತನ್ನು ಉಳಿಸಿ ನಾಯಿ ಬೊಗಳುವುದು, ಮಿಕ್ಸಿ ತಿರುಗುವುದು ಇಂಥವನ್ನೆಲ್ಲ ಗದ್ದಲವೆಂದು ಅಳಿಸಿಹಾಕಲು ಕಲಿಸಿರುತ್ತಾರೆ. ನನ್ನ ಮೌತ್ ಆರ್ಗನ್ನೂ ಅದೇ ಪಟ್ಟಿಗೆ ಸೇರಿತು. ಮೈಸೂರಿನಲ್ಲಿ ಕಾಣುವುದು ಉಬ್ಬುವ ಕೆನ್ನೆ, ಏರುವ ಹುಬ್ಬು. ಕೇಳುವುದು ಏನೂ ಇಲ್ಲ. ಪಕ್ಕದಲ್ಲಿ ಕೂತಿದ್ದ ಮಾವನವರು ಗಾಬರಿಯಾಗಿ, “ಅವರಿಗೆ ಉಸಿರಾಟದ ತೊಂದರೆ ಏನಾದ್ರೂ ಇದೆಯಾ?” ಎಂದು ಮಗಳನ್ನು ಕೇಳಿದರು. ಆ ಸೌಲಭ್ಯವನ್ನು ಆರಿಸುವ ಗುಂಡಿ ಎಲ್ಲಿದೆಯೆಂದು ನನ್ನ ಮಗಳು ತೋರಿಸಿಕೊಟ್ಟಿದ್ದಾಳೆ. ನಾನು ಮುಟ್ಟಿಲ್ಲ. ನಿಶ್ಚಿಂತೆಯಿಂದ ಸರಳೆ ವರಸೆ ಪೂರ್ತಿ ಊದಿ ಮುಗಿಸಿ, ಹಣೆ ಒರೆಸಿಕೊಂಡು, ಹೇಗಿತ್ತು ಎಂದು ಕೇಳಿದೆ.

“ರಿಷಭ ಇನ್ನೂ ಮೇಲಿದೆ,” ಎಂದರು ಅತ್ತೆ. “ಕೆನ್ನೆ ನೋಡಿದರೇ ಗೊತ್ತಾಗುತ್ತೆ.”