ಡಬ್ಬಿನ ತಗೋರಿ ಅಕ್ಕಾರ

ಅಕ್ಕಾರ, ವರ್ಷದ ಖಾರಪುಡಿಗೆ ಮೆಣಸಿನಕಾಯಿ ಇನ್ನೂ ತಂದಿಲ್ಲಲ್ಲ? ತಡೀರಿ ಹಂಗಾದ್ರ. ಸೋಮವಾರ ನಮ್ಮ ಮನಿಯವರು ಬ್ಯಾಡಗಿಗೆ ಹೊಂಟಾರ. ವಾರದಾಗ ಸೋಮವಾರ, ಗುರುವಾರ ಅಲ್ಲಿ ಮಾರ್ಕೆಟ್ ಜೋರು.

ನುಣ್ಣಗ ಹೊಳಿಯೋ ಕಾಯಿ ನೋಡಿ ಮರುಳಾಗಬ್ಯಾಡ್ರಿ. ಖಾರ ಬೇಕಂದ್ರ ಗುಂಟೂರು ಕಾಯಿ ಇರಲಿ, ಬಣ್ಣ ಬೇಕಂದ್ರ ಮೈಯೆಲ್ಲಾ ಸುಕ್ಕಿದ್ದ ಬ್ಯಾಡಗಿನ ಆಗಬೇಕು. ಅದರಾಗೂ ಕಡ್ಡಿ ಅಂದ್ರ ತೆಳ್ಳಗ, ಉದ್ದ. ಡಬ್ಬಿ ಗಿಡ್ಡ, ಹೊಟ್ಟಿ ತುಂಬ ಬೀಜ. ಕಿವಿ ಹತ್ರ ಹಿಡಿದು ಅಲುಗಿಸ್ರಿ, ಬೀಜ ಗಲಗಲ ಅಂದ್ರ ಒಣಗೇತಿ ಅಂತ. ಒತ್ತಿದ್ರ ಮೆತ್ತಗ ಬಗ್ಗಿತೋ, ಹಸಿ ಐತಿ, ಮುಂದ ಬೂಷ್ಟು ಹಿಡಿತೈತಿ.

ಹೆಸರು ಬ್ಯಾಡಗಿದು, ಆದ್ರ ಕಾಯಿ ಕುಂದಗೋಳ, ಗದಗ, ಶಿರಹಟ್ಟಿ ಕಡೆಯ ಎರಿ ಹೊಲದ್ದೂ ಬರತೈತಿ. ಬಳ್ಳಾರಿ, ರಾಯಚೂರು, ಆಂಧ್ರದ ಕರ್ನೂಲಿನಿಂದನೂ ಲಾರಿ ಬಂದು ನಿಲ್ತಾವು. ಬ್ಯಾಡಗಿ ಕಾಯಿಗೆ 2011ರಾಗ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ತು. ಇದರ ಬಣ್ಣ ತೆಗೆಯೋ ಫ್ಯಾಕ್ಟರಿಯವರೂ ಖರೀದಿಗೆ ಬರ್ತಾರ. ಆ ಬಣ್ಣ ಲಿಪ್‌ಸ್ಟಿಕ್‌ಗೂ ಹೋಗತೈತಿ!

ದಲಾಲಿ ಅಂಗಡಿ ಮುಂದ ಚೀಲ ಬಿಚ್ಚಿ ಲಾಟ್ ಹಚ್ಚಿರ್ತಾರ. ಖರೀದಿದಾರರು ಮುಷ್ಟಿ ತುಂಬ ಕಾಯಿ ತಗೊಂಡು ನೋಡಿ ಟೆಂಡರ್ ಹಾಕ್ತಾರ. ರೇಟ್ ಹೊರಗ ಬೀಳೋತನಕ ರೈತನ ಮುಖ ನೋಡಾಕ ಆಗೂದಿಲ್ರೀ. ಗಾಡಿ ಬಾಡಿಗಿ, ಬಿಡಿಸಿದವರ ಕೂಲಿ, ಎಣ್ಣಿ ಹೊಡೆದ ಖರ್ಚು, ಎಲ್ಲಾ ಆ ಒಂದು ರೇಟಿನ ಮ್ಯಾಲ ನಿಂತಿರತೈತಿ. 2024ರ ಮಾರ್ಚ್‌ನಾಗ ರೇಟ್ ಬಿದ್ದಾಗ ಮಾರ್ಕೆಟ್‌ನಾಗ ವಾಹನಕ್ಕ ಬೆಂಕಿ ಬಿತ್ತಲ್ಲ! ಬೆಂಕಿ ಹಚ್ಚಿದ್ದು ತಪ್ಪ, ಅದರಾಗ ಎರಡು ಮಾತಿಲ್ಲ. ಆದ್ರ ವರ್ಷದ ದುಡಿಮಿ ಒಂದು ಮಧ್ಯಾಹ್ನದಾಗ ಹೋದ್ರ ಹೊಟ್ಟಿ ಉರೀದ ಇರತೈತೇನ್ರಿ?

ಇನ್ನ ಅಲ್ಲಿ ಕಾಯಿ ತೊಟ್ಟು ಮುರಿಯೋ ಹೆಣ್ಣುಮಕ್ಕಳನ್ನ ನೋಡ್ರಿ. ಮನಿಯಾಗ ಎರಡು ಕೆಜಿ ಬಿಡಿಸೋದ್ರಾಗ ನಮಗ ಕೈ ಉರಿ ತಡಿಯಾಕ ಆಗೂದಿಲ್ಲ. ಅವರು ದಿನಾ ಅದರಾಗ ಕೂಡ್ತಾರ, ಮೂಗಿಗೆ ಸೆರಗು ಕಟ್ಟಿಕೊಂಡು.

ಅದಕ್ಕ ಹೇಳೋದು, ಡಬ್ಬಿಗೆ ನಾಲ್ಕು ರೂಪಾಯಿ ಹೆಚ್ಚಾದ್ರೂ ಚೌಕಾಶಿಗೆ ನಿಲ್ಲಬ್ಯಾಡ್ರಿ. ಎಕರೆಕ್ಕ ಹೈಬ್ರಿಡ್ ಹೆಚ್ಚು ಇಳೀತೈತಿ, ಹಿಂಗಾಗಿ ನಾಟಿ ಡಬ್ಬಿ ಹಚ್ಚೋರು ಕಮ್ಮಿ ಆಗಾಕ ಹತ್ಯಾರ. ನಾವ ಕೇಳಿ ತಗೊಳ್ಳಲಿಲ್ಲ ಅಂದ್ರ ಅವರು ಯಾರಿಗಂತ ಬೆಳಿಬೇಕು? ಎಷ್ಟು ಕೆಜಿ ಬರಸ್ಲಿ ಹೇಳ್ರಿ, ನಾಳೆ ಸಂಜಿಯೊಳಗ ಚೀಲಾನೂ ಕೊಟ್ಟುಬಿಡ್ರಿ.