ಗಂಟುಮೀಮಾಂಸೆ: ಒಂದು ಅಪೂರ್ಣ ಮಹಾಪ್ರಬಂಧ

1. ಪ್ರಸ್ತಾವನೆ

ಗ್ರಂಥ, ಗ್ರಂಥಿ ಎರಡಕ್ಕೂ ಧಾತು ಒಂದೇ: ಕಟ್ಟುವುದು. ಆದ್ದರಿಂದ ಗಂಟಿಲ್ಲದೆ ಗ್ರಂಥವಿಲ್ಲ. ಮೂಗೂರಿನ ನಮ್ಮತ್ತೆ ತ್ರಿಪುರಸುಂದರಿ ಅಮ್ಮನವರ ಜಾತ್ರೆಗೆಂದು ಬಾಂದನಿ ಸೀರೆ ಕೊಳ್ಳಲು ಮೈಸೂರಿನ ಸಂತೆಪೇಟೆಗೆ ಹೋದ ಘಟನೆಯನ್ನು 'ಬಂಧನೋತ್ತರ ವಸ್ತ್ರಸಂಕಥನದ ಬಹುಬಿಂದುತ್ವ'ದ ನೆಲೆಯಲ್ಲಿ ಮುಖಾಮುಖಿಯಾಗಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. (ಹೀಗೆ ಬರೆಯದಿದ್ದರೆ ವಿಚಾರಸಂಕಿರಣದಲ್ಲಿ ಊಟದ ಕೂಪನ್ ಸಿಗುವುದಿಲ್ಲ.)

2. ವರ್ಗೀಕರಣ

ಗಂಟುಗಳು ಐದು ಬಗೆ.

(ಅ) ವಸ್ತ್ರಗ್ರಂಥಿ: ಬಟ್ಟೆಯನ್ನು ಉಗುರಲ್ಲಿ ಚಿವುಟಿ ಎತ್ತಿ, ದಾರ ಬಿಗಿದು, ಬಣ್ಣಕ್ಕೆ ಅದ್ದುವುದು. ದಾರದಡಿ ಬಣ್ಣ ಇಳಿಯದೆ ಉಳಿದದ್ದೇ ಚುಕ್ಕಿ. ಕಚ್ಛ್, ಜಾಮ್‌ನಗರಗಳಲ್ಲಿ ಇದು ಬಾಂದನಿ. ಮದುರೆಯ ಸೌರಾಷ್ಟ್ರರ ಕೈಯಲ್ಲಿ ಸುಂಗುಡಿ. ಬಾಣನ 'ಹರ್ಷಚರಿತೆ'ಯ ರಾಜ್ಯಶ್ರೀಯ ಮದುವೆಮನೆಯಲ್ಲೂ ಇಂಥ ಬಟ್ಟೆ ಉಂಟು.
(ಆ) ಧನಗ್ರಂಥಿ: ಅತ್ತೆಯ ಸೆರಗಿನ ತುದಿಯದು. ರೇಷ್ಮೆಗೂಡು ಮಾರಿದ ದುಡ್ಡು.
(ಇ) ಮುಖಗ್ರಂಥಿ: ಬೆಲೆ ಕೇಳಿ ಅತ್ತೆಗೆ, ಅತ್ತೆ ಅರ್ಧಕ್ಕೆ ಕೇಳಿದ್ದರಿಂದ ಅಂಗಡಿಯವನಿಗೆ.
(ಈ) ಬ್ರಹ್ಮಗ್ರಂಥಿ: ಚೀಲ ಹಿಡಿದು ಬಾಗಿಲಲ್ಲಿ ನಿಂತ ಮಾವ.
(ಉ) ಐದನೆಯದು ಹೊಳೆಯುತ್ತಿಲ್ಲ, ಬಿಡಿ.

3. ಕ್ಷೇತ್ರಕಾರ್ಯ

ಅಂಗಡಿಯವನು ಎರಡು ಸೀರೆ ಹಾಸಿದ. ಒಂದು ನುಣ್ಣಗಿತ್ತು. ಇನ್ನೊಂದು ಗಂಟು ಬಿಚ್ಚದೆ ಹಾಗಲಕಾಯಿಯ ಹಾಗೆ ಮುದುರಿತ್ತು.

"ಇದ್ಯಾಕಪ್ಪಾ ಹಿಂಗ್ ಮುದುರ್ಕಂಡದೆ?"

"ಇದೇ ಅಸಲಿ ಅಮ್ಮಾ. ಗಂಟು ನೀವೇ ಬಿಚ್ಕೋಬೇಕು."

"ಕಾಸೂ ನಾನೇ ಕೊಟ್ಟು ಗಂಟೂ ನಾನೇ ಬಿಚ್ಚಬೇಕಾ?"

ಆಮೇಲೆ ಅತ್ತೆ ನುಣ್ಣನೆಯದನ್ನು ಮಗುಚಿದರು. ಹಿಂಬದಿ ಮಾಸಲು, ಚುಕ್ಕಿಗಳೆಲ್ಲ ಒಂದೇ ಅಳತೆ. "ಇದು ಅಚ್ಚು ಒತ್ತಿರೋದು ಕಣಪ್ಪಾ." ಅರ್ಧ ನಿಮಿಷದಲ್ಲಿ ಸಂಶೋಧನೆ ಮುಗಿಯಿತು.

4. ಸೈದ್ಧಾಂತಿಕ ಚರ್ಚೆ

ಚರ್ಚೆ ಬೇಡ. ಅದನ್ನು ಒಂದು ಸಭಾಂಗಣದಲ್ಲಿ ಒಂದು ಗಂಟೆ ಕೇಳಿ ಬಂದಿದ್ದೇನೆ. ವಿದ್ವಾಂಸರು 'ಬಿಂದುವಿನ ಅಸ್ಮಿತೆ'ಯನ್ನು ಬಿಡಿಸುತ್ತಲೇ ಇದ್ದರು. ಅವರ ಹೆಗಲ ಶಾಲಿನ ಚುಕ್ಕಿಗಳು ಅಚ್ಚಿನವು. ಗಂಟು ಕಟ್ಟಿದವಳಿಗೆ ಎಷ್ಟು ಕೂಲಿ ಎಂದು ಅವರು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಮನೆಯ ಮೂಲೆಯಲ್ಲಿ ಕೂತು ಸಾವಿರಾರು ಗಂಟು ಕಟ್ಟುವ ಆ ಹೆಂಗಸರಿಗೆ ಕೂಲಿ ಸಿಗುವುದು ಗಂಟಿನ ಲೆಕ್ಕದಲ್ಲಿ. ಭಾಷಣಕ್ಕೆ ಆ ಲೆಕ್ಕವಿಲ್ಲ. ಮಾತಾಡಿದರೆ ಯಾರಪ್ಪನ ಗಂಟು ಹೋಗುತ್ತದೆ?

ಇದು ದೂರದ ಕಚ್ಛದ ಸಂಕಟವೆಂದು ನಾವು ಸುಮ್ಮನಿರುವಂತಿಲ್ಲ. ಮೈಸೂರು ರೇಷ್ಮೆ ಕಾರ್ಖಾನೆ 1912ರದು, ಅರಸರು ಕಟ್ಟಿದ್ದು ಎಂದು ಎಲ್ಲರಿಗೂ ಬಾಯಿಪಾಠ. ಅಲ್ಲಿನ ಸೀರೆಯ ನೂಲಿಗಾಗಿ ನಮ್ಮ ತಿ. ನರಸೀಪುರದಲ್ಲೇ ಬಿಚ್ಚಣಿಕೆ ಕಾರ್ಖಾನೆ ಇದೆ. ಹುಳ ಜ್ವರ ಮುಗಿಸಿ, ಪೊರೆ ಕಳಚಿ ಎದ್ದಾಗ ನಿದ್ದೆಗೆಟ್ಟು ಸೊಪ್ಪು ಹಾಕಿದವಳ ಹೆಸರು, ಬಿಸಿನೀರಲ್ಲಿ ಬೆರಳಾಡಿಸಿ ಎಳೆ ಹುಡುಕಿದವಳ ಹೆಸರು ಯಾವ ಸೆರಗಿನಲ್ಲಿದೆ?

5. ಉಪಸಂಹಾರ

ಅತ್ತೆ ಸೆರಗಿನ ಗಂಟು ಬಿಚ್ಚಿ ಎರಡು ಸಲ ಎಣಿಸಿದರು. ಕೊನೆಗೆ ಅಚ್ಚಿನ ಸೀರೆಯನ್ನೇ ಕೊಂಡರು. ಅಸಲಿಗೆ ದುಡ್ಡು ಸಾಲಲಿಲ್ಲ.