ಉದ್ದಪದದ ರಾಯರು

ಮದುವೆಮನೆಯ ಪಂಕ್ತಿಯಲ್ಲಿ ಯಾರ ಪಕ್ಕ ಎಲೆ ಸಿಗುತ್ತದೆ ಎಂಬುದು ಅವರವರ ಹಣೆಬರಹ. ಸೈಟಿನ ರೇಟು ಹೇಳುವವರು ಸಿಗಬಹುದು. ಶುಗರ್ ಎಷ್ಟಿದೆ ಎಂದು ಹೇಳುತ್ತಲೇ ಎರಡನೇ ಹೋಳಿಗೆಗೆ ಕೈಚಾಚುವವರು ಸಿಗಬಹುದು. ಗ್ರಹಚಾರ ಪೂರಾ ಕೆಟ್ಟಿದ್ದರೆ ಉದ್ದಪದದ ರಾಯರು ಸಿಗುತ್ತಾರೆ. ಎಲೆಯ ತುದಿಗೆ ಉಪ್ಪು ಬೀಳುವ ಮೊದಲೇ ನಿಮ್ಮ ಕಡೆ ವಾಲಿ, "ಐದೂ ವವೆಲ್ಸು ವರಸೆಯಾಗಿ ಬರೋ ಒಂದು ಇಂಗ್ಲಿಷ್ ಪದ ಹೇಳಿ ನೋಡೋಣ" ಎನ್ನುತ್ತಾರೆ. ನೀವು ಕೋಸಂಬರಿ ನೋಡುತ್ತ ಕೂತರೆ ಬಿಡುವವರಲ್ಲ. "ಫೆಸೀಷಿಯಸ್! ಎ, ಇ, ಐ, ಒ, ಯು. ಬೇಕಾದ್ರೆ ಬರೆದು ನೋಡಿ. ಹೊತ್ತುಗೊತ್ತಿಲ್ಲದೆ ತಮಾಷೆ ಮಾಡೋದು ಅಂತ ಅರ್ಥ." ಅಷ್ಟರಲ್ಲಿ ಸಾರು ಬರುತ್ತದೆ. "ಅಬ್‌ಸ್ಟೀಮಿಯಸ್ ಕೂಡ ಹಾಗೇ. ಊಟ, ತೀರ್ಥ ಎರಡರಲ್ಲೂ ಮಿತ ಇರೋರು ಅಂತ" ಎಂದು ವಿವರಿಸಿ, ಬಡಿಸುವವನಿಗೆ "ಇಲ್ಲಿ ಇನ್ನೆರಡು ಬೋಂಡ ಹಾಕಪ್ಪಾ" ಎನ್ನುತ್ತಾರೆ.

ರಾಯರು ಎಂದರೆ ಒಬ್ಬರಲ್ಲ. ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಒಬ್ಬರು, ಬಸವನಗುಡಿಯ ಪಾರ್ಕಿನ ಕಲ್ಲುಬೆಂಚಿನ ಮೇಲೆ ಒಬ್ಬರು, ನಿಮ್ಮ ಬೀದಿಯ ಕೊನೆಮನೆಯಲ್ಲಿ ಒಬ್ಬರು ಇದ್ದೇ ಇರುತ್ತಾರೆ. ಇಲಾಖೆ ಬೇರೆ, ಪೆನ್ಷನ್ ಮೊತ್ತ ಬೇರೆ, ಚಟ ಮಾತ್ರ ಒಂದೇ. ಬಹುಮಟ್ಟಿಗೆ ಅದು ಹತ್ತಿದ್ದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ. ಕೆಲಸ ಸಿಗುವತನಕ ಮನೆಯಲ್ಲಿ ಬೈಸಿಕೊಳ್ಳದಿರಲಿ ಎಂದು ಹುಡುಗರು ಜೂನಿಯರ್, ಸೀನಿಯರ್ ಪರೀಕ್ಷೆಗೆ ಕಟ್ಟುತ್ತಿದ್ದ ಕಾಲ ಅದು. ವರ್ಷಗಟ್ಟಲೆ 'ಎ ಎಸ್ ಡಿ ಎಫ್' ಕುಟ್ಟಿದವರ ಕಣ್ಣಿಗೆ ಪದದ ಅರ್ಥಕ್ಕಿಂತ ಮೊದಲು ಅಕ್ಷರ ಬೀಳುತ್ತದೆ. ಟೈಪ್‌ರೈಟರ್ ಎಂಬ ಪದವನ್ನು ಆ ಯಂತ್ರದ ಮೇಲುಸಾಲಿನ ಕೀಲಿಗಳಲ್ಲೇ ಹೊಡೆದು ಮುಗಿಸಬಹುದು ಎಂದು ರಾಯರಿಗೆ ಹೊಳೆದದ್ದು ಅಲ್ಲೇ. ವಿಮಾನದ ಸ್ಟೂವರ್ಡೆಸಸ್ ಇದ್ದಾರಲ್ಲ, ಅವರ 12 ಅಕ್ಷರವೂ ಎಡಗೈಯ ಪಾಲು. ಆಗ ಬಲಗೈ ಏನು ಮಾಡಬೇಕು? "ನಶ್ಯ ಏರಿಸಬಹುದು" ಎನ್ನುತ್ತಾರೆ. ಈಗಲೂ ಹೊಸ ಪದವೊಂದು ಕಿವಿಗೆ ಬಿದ್ದರೆ ಅವರ ಹತ್ತೂ ಬೆರಳು ಪಂಚೆಯ ಮೇಲೆ, ಮಂಡಿಯ ಮೇಲೆ ಟಪಟಪ ಆಡತೊಡಗುತ್ತವೆ. ಪದಕ್ಕೆ ಎಷ್ಟು ಪೆಟ್ಟು ಎಂಬ ಲೆಕ್ಕ ಮುಗಿದ ಮೇಲೇ ತಲೆ ಎತ್ತುವುದು.

ಈ ಸಂಗ್ರಹವೆಲ್ಲ ಇರುವುದು ವಿಮಾ ಏಜೆಂಟರೊಬ್ಬರು ಎಂದೋ ಕೊಟ್ಟ ಡೈರಿಯಲ್ಲಿ. ರಟ್ಟು ಕಿತ್ತುಬಂದು ರಬ್ಬರ್ ಬ್ಯಾಂಡ್ ಬಿದ್ದಿದೆ. ಒಳಗೆ ಪದಗಳ ಜಾತಿವಾರು ವಿಂಗಡಣೆ. ಒಂದೂ ಅಕ್ಷರ ಎರಡನೇ ಸಲ ಬಾರದವಕ್ಕೆ ಒಂದು ಪುಟ: ಕೃತಿಸ್ವಾಮ್ಯ ಪಡೆಯಲು ಬಾರದ್ದು ಎಂಬರ್ಥದ ಅನ್‌ಕಾಪಿರೈಟಬಲ್, 15 ಅಕ್ಷರ, ಬೆರಳಗೆರೆಗಳ ಶಾಸ್ತ್ರವಾದ ಡರ್ಮಟೋಗ್ಲಿಫಿಕ್ಸ್, ಅದೂ 15. ಇನ್ನೊಂದು ಪುಟದಲ್ಲಿ ಇಂಡಿವಿಸಿಬಿಲಿಟಿ, ಅಂದರೆ ಒಡೆಯಲಾಗದಿರುವುದು. ಆರು 'ಐ' ಇವೆ, ಬೇರೆ ಸ್ವರಕ್ಕೆ ಪ್ರವೇಶವಿಲ್ಲ. ಕೊನೆಯಲ್ಲಿ 'ವೈ' ಬಂದು ಕೂತಿದೆಯಲ್ಲ ಎಂದರೆ, ವೈಯನ್ನು ರಾಯರು ಮನೆಯವರ ಲೆಕ್ಕಕ್ಕೆ ಸೇರಿಸುವುದಿಲ್ಲ. ಅವರ ಅಚ್ಚುಮೆಚ್ಚಿನದು ಸಬ್‌ಕಾಂಟಿನೆಂಟಲ್. ಅದರಲ್ಲಿ ಐದೂ ಸ್ವರಗಳು ಹಿಂದುಮುಂದಾಗಿ ಬರುತ್ತವೆ: ಯು, ಒ, ಐ, ಇ, ಎ. "ನೋಡಿ, ನಮ್ಮ ಉಪಖಂಡಕ್ಕೆ ಬಂದರೆ ಇಂಗ್ಲಿಷೂ ಉಲ್ಟಾ!"

ಇದನ್ನೆಲ್ಲ ಕನ್ನಡ ಲಿಪಿಗೆ ಇಳಿಸಿದೊಡನೆ ರಾಯರ ಆಸ್ತಿ ಅರ್ಧಕ್ಕರ್ಧ ಕರಗುತ್ತದೆ ಎಂಬುದು ಬೇರೆ ಮಾತು. ಓದುಗರು ಒಂದು ಚೀಟಿ, ಪೆನ್ನು ಇಟ್ಟುಕೊಂಡು ಓದುವುದು ಒಳ್ಳೆಯದು.

ರಾಯರ ಪೂಜಾಮೂರ್ತಿಗಳೂ ಲೋಕದವರ ಹಾಗಲ್ಲ. ಅರ್ನೆಸ್ಟ್ ವಿನ್ಸೆಂಟ್ ರೈಟ್ ಎಂಬ ಅಮೆರಿಕದವನು ಟೈಪ್‌ರೈಟರಿನ 'ಇ' ಕೀಲಿಯನ್ನು ಕಟ್ಟಿಹಾಕಿ, ಆ ಅಕ್ಷರವೇ ಇಲ್ಲದೆ 50,000 ಪದಗಳ ಕಾದಂಬರಿ ಬರೆದ. 'ಗ್ಯಾಡ್ಸ್‌ಬಿ', 1939. ಕಥೆ ಹೇಗಿದೆ ಎಂದು ಕೇಳಿದರೆ ರಾಯರು ನಿಮ್ಮನ್ನು ಅನುಕಂಪದಿಂದ ನೋಡುತ್ತಾರೆ. ಶೇಕ್ಸ್‌ಪಿಯರ್ ಅವರಿಗೆ ದೊಡ್ಡವನಾಗಿರುವುದು ಹ್ಯಾಮ್ಲೆಟ್‌ಗಾಗಿ ಅಲ್ಲ, 'ಲವ್ಸ್ ಲೇಬರ್ಸ್ ಲಾಸ್ಟ್' ನಾಟಕದ ಹಾನರಿಫಿಕಾಬಿಲಿಟ್ಯೂಡಿನಿಟಾಟಿಬಸ್ ಎಂಬ ಪದಕ್ಕಾಗಿ. 27 ಅಕ್ಷರ, ಲ್ಯಾಟಿನ್ನಿನ ವಿಭಕ್ತಿ ಪ್ರತ್ಯಯ ಸಮೇತ. ಗೌರವಕ್ಕೆ ಪಾತ್ರವಾಗಬಲ್ಲ ಸ್ಥಿತಿ ಎಂದು ಭಾವ. ಒಂದು ವ್ಯಂಜನ, ಒಂದು ಸ್ವರ, ಮತ್ತೆ ವ್ಯಂಜನ, ಮತ್ತೆ ಸ್ವರ, ಕೊನೆತನಕ ಎಲ್ಲೂ ಲಯ ತಪ್ಪುವುದಿಲ್ಲ. 1910ರಲ್ಲಿ ಡರ್ನಿಂಗ್-ಲಾರೆನ್ಸ್ ಎಂಬ ಮಹಾನುಭಾವರು ಇವೇ ಅಕ್ಷರಗಳನ್ನು ಕಲಸಿ, ಈ ನಾಟಕಗಳನ್ನು ಬರೆದವನು ಬೇಕನ್ ಎಂಬರ್ಥದ ಲ್ಯಾಟಿನ್ ವಾಕ್ಯ ಹೊರಡಿಸಿ ಪುಸ್ತಕವನ್ನೇ ಅಚ್ಚು ಹಾಕಿಸಿದರು. ನಾಟಕದಲ್ಲಿ ಮಾತ್ರ ಆ ಪದವನ್ನು ಆಡುವವನು ಕಾಸ್ಟರ್ಡ್ ಎಂಬ ಹಳ್ಳಿಗ. ಪಂಡಿತರ ಬಡಾಯಿ ಕೇಳಿ ರೋಸಿದ ಅವನು ಪುಟ್ಟ ಹುಡುಗನೊಬ್ಬನಿಗೆ, ನೀನು ಆ ಪದದಷ್ಟೂ ಉದ್ದವಿಲ್ಲವಲ್ಲೋ ಎಂದು ಚೇಷ್ಟೆ ಮಾಡುತ್ತಾನೆ. ಇದನ್ನು ನೆನಪಿಸೋಣವೆಂದರೆ ರಾಯರ ಬೆರಳುಗಳು ಆಗಲೇ ಮಂಡಿಯ ಮೇಲೆ ಓಡುತ್ತಿರುತ್ತವೆ.

45 ಅಕ್ಷರದ ನ್ಯುಮೊನೊಅಲ್ಟ್ರಾಮೈಕ್ರೊಸ್ಕೋಪಿಕ್‌ಸಿಲಿಕೊವಾಲ್ಕೆನೊಕೊನಿಯೋಸಿಸ್ ಬಂದಾಗ ಎದ್ದು ನಿಲ್ಲುವುದೊಂದು ಬಾಕಿ. ಜ್ವಾಲಾಮುಖಿಯ ಅತಿಸೂಕ್ಷ್ಮ ಸಿಲಿಕಾ ಧೂಳು ಕುಡಿದು ಬರುವ ಶ್ವಾಸಕೋಶದ ಕಾಯಿಲೆ. ರೋಗಕ್ಕೆಂದು ಹುಟ್ಟಿದ ಹೆಸರಲ್ಲ ಇದು. ಅಮೆರಿಕದ ನ್ಯಾಷನಲ್ ಪಜ್ಲರ್ಸ್ ಲೀಗಿನ ಅಧ್ಯಕ್ಷ ಎವರೆಟ್ ಸ್ಮಿತ್ 1935ರಲ್ಲಿ ಉದ್ದಕ್ಕೆಂದೇ ಹೆಣೆದದ್ದು. ನಿಘಂಟಿನವರೂ ಮನೆಯೊಳಗೆ ಸೇರಿಸಿಕೊಂಡರು. ಡಾಕ್ಟರು ಬರೆಯುವುದು ಸಿಲಿಕೋಸಿಸ್ ಎಂದು ಅಷ್ಟೇ. ಕೋಲಾರದ ಚಿನ್ನದ ಗಣಿಯಲ್ಲಿ ಕಲ್ಲು ಕೊರೆದವರ ಎದೆಗೆ ಹೊಕ್ಕದ್ದೂ ಸಿಲಿಕಾ ಧೂಳೇ. ಅವರಿಗೆ ಆ ಚಿಕ್ಕ ಹೆಸರನ್ನು ಹೇಳುವಷ್ಟೂ ಉಸಿರಿರಲಿಲ್ಲ.

ಒಂದು ಮಾತು ರಾಯರ ಪರವಾಗಿ ಹೇಳಲೇಬೇಕು. ಉದ್ದ ಪದದಿಂದ ಎದುರಿಗಿರುವವರನ್ನು ಹೆದರಿಸುವವರು ಬೇರೆ ಇದ್ದಾರೆ. ಸಾಲದ ಕಾಗದ, ಆಸ್ಪತ್ರೆಯ ಬಿಲ್ಲು, ಸರಕಾರಿ ಸುತ್ತೋಲೆ ಬರೆಯುವುದು ಅವರೇ. ರಾಯರು ಹಾಗಲ್ಲ. ಅವರು ತಮ್ಮ ಪದಗಳನ್ನು ಬೀರುವಿನ ರೇಷ್ಮೆ ಸೀರೆಯ ಹಾಗೆ ಬಿಚ್ಚಿ ತೋರಿಸಿ, ಮಡಿಚಿ ಒಳಗಿಡುತ್ತಾರೆಯೇ ಹೊರತು ಉಡುವುದಿಲ್ಲ. ಬ್ಯಾಂಕಿಗೆ ಹೋದರೆ "ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಕೊಡಮ್ಮಾ", ಔಷಧದಂಗಡಿಯಲ್ಲಿ "ಕೆಮ್ಮಿಗೆ ಏನಾದ್ರೂ ಕೊಡಪ್ಪ". ಅಷ್ಟೇ ಅವರ ವ್ಯವಹಾರ.

ಆದ್ದರಿಂದಲೇ ಶಶಿ ತರೂರ್ ಅವರ ಮೇಲೆ ರಾಯರಿಗೆ ಒಳಗೊಳಗೇ ಮುನಿಸು. 2018ರ ಅಕ್ಟೋಬರಿನಲ್ಲಿ ತರೂರ್ ತಮ್ಮ ಹೊಸ ಪುಸ್ತಕದ ಸುದ್ದಿ ಹೇಳುತ್ತ ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಷನ್ ಎಂದುಬಿಟ್ಟರು. 29 ಅಕ್ಷರ, ಒಂಬತ್ತು 'ಐ', ಒಂದೂ 'ಇ' ಇಲ್ಲ. ಉಣ್ಣೆಯ ಎಳೆ, ಕ್ಷುಲ್ಲಕ ವಸ್ತು, ಶೂನ್ಯ, ಕೂದಲು ಎಂಬರ್ಥದ ನಾಲ್ಕು ಲ್ಯಾಟಿನ್ ಪದಗಳನ್ನು ಪೋಣಿಸಿ, ಕವಡೆ ಕಿಮ್ಮತ್ತಿಲ್ಲವೆಂದು ತಳ್ಳಿಹಾಕುವುದಕ್ಕೆ ಇಟ್ಟ ಹೆಸರು. ರಾಯರು ದಶಕಗಳಿಂದ ಡೈರಿಯಲ್ಲಿ ಕಾಪಾಡಿಕೊಂಡು ಬಂದ ಪದ ಮಾರನೆಯ ದಿನ ಕಾಲೇಜು ಹುಡುಗರ ವಾಟ್ಸ್ಆ್ಯಪಿನಲ್ಲಿ ಬಿದ್ದು ಹೊರಳಾಡುತ್ತಿತ್ತು. "ವಾಕ್ಯದಲ್ಲಿ ಬಳಸಿಬಿಟ್ಟರಲ್ರೀ!" ಎಂದು ಪಾರ್ಕಿನಲ್ಲಿ ಪೇಚಾಡಿಕೊಂಡರು.

ಆ ವಾಕ್ಯವೇ ಮುಂದೆ ಮನೆಯೊಳಗೂ ಕಾಡಿತು. ಮಗಳು ನ್ಯೂಜೆರ್ಸಿಯಲ್ಲಿ, ಮೊಮ್ಮಗ ಸ್ಪೆಲ್ಲಿಂಗ್ ಬೀ ತಯಾರಿಯಲ್ಲಿ. ಅಮೆರಿಕದ ಸ್ಕ್ರಿಪ್ಸ್ ಸ್ಪರ್ಧೆಯಲ್ಲಿ 1985ರಲ್ಲಿ ಬಾಲು ನಟರಾಜನ್ ಗೆದ್ದ ಮೇಲೆ ಭಾರತೀಯ ಮೂಲದ ಮಕ್ಕಳು ಅಲ್ಲಿ ಬೀಡುಬಿಟ್ಟಿದ್ದಾರೆ; 2019ರಲ್ಲಿ ಒಟ್ಟಿಗೆ ಗೆದ್ದ ಎಂಟು ಮಂದಿಯಲ್ಲಿ ಏಳು ಮಂದಿ ಇವರೇ. ವಿಡಿಯೋ ಕಾಲಿನಲ್ಲಿ ರಾಯರು ಕೆಮ್ಮಿ ಗಂಟಲು ಸರಿಮಾಡಿಕೊಂಡು, 28 ಅಕ್ಷರದ ಆಂಟಿಡಿಸ್‌ಎಸ್ಟಾಬ್ಲಿಷ್‌ಮೆಂಟೇರಿಯನಿಸಂ ಎಸೆದರು.

"ಮೀನಿಂಗ್ ಏನು ತಾತ?"

"ಇಂಗ್ಲೆಂಡಲ್ಲಿ ಚರ್ಚಿಗೂ ಸರಕಾರಕ್ಕೂ ಇರೋ ಸಂಬಂಧ ಕಡೀಬಾರದು ಅನ್ನೋ ವಾದ."

"ಒಂದು ಸೆಂಟೆನ್ಸಲ್ಲಿ ಹಾಕಿ ಹೇಳಿ. ಕಾಂಪಿಟಿಷನ್ನಲ್ಲಿ ಕೇಳಿದ್ರೆ ಹೇಳ್ತಾರೆ."

ರಾಯರು ಚಾವಣಿ ನೋಡಿದರು. ಡೈರಿಯ ರಬ್ಬರ್ ಬ್ಯಾಂಡ್ ತೆಗೆದರು, ಹಾಕಿದರು. ಅಷ್ಟು ವರ್ಷ ಸಾಕಿದ ಪದ. ಅದರ ಹಿಂದೆ ಮುಂದೆ ಇನ್ನೊಂದು ಪದ ಇಡುವ ಪ್ರಸಂಗವೇ ಬಂದಿರಲಿಲ್ಲ. ಅಷ್ಟರಲ್ಲಿ ಅಡುಗೆಮನೆಯಿಂದ ಅವರ ಮನೆಯವರ ದನಿ: "ಅನ್ನ ಆರಿಹೋಯ್ತು, ಇನ್ನು ನಾನೇ ಬಂದು ಎಬ್ಬಿಸಿಕೊಂಡುಹೋಗಬೇಕಾಗತ್ತೇನ್ರೀ?"

"ತಾತ, ಅಜ್ಜಿ ಲಾಸ್ಟಲ್ಲಿ ಹೇಳಿದ್ದು ಒಂದೇ ವರ್ಡಾ?" ಹುಡುಗ ಕಿವಿಗೆ ಬಿದ್ದಂತೆ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪು ಮಾಡಿ ಎಣಿಸಿದ. "ಟ್ವೆಂಟಿಸೆವೆನ್!"

"ಅದೆಲ್ಲ ಲೆಕ್ಕಕ್ಕೆ ಬರಲ್ಲ ಪುಟ್ಟಾ. ಡಿಕ್ಷನರೀಲಿ ಇಲ್ಲ" ಎಂದು ರಾಯರು ಏಳಲು ನೋಡಿದರು.

"ಆದ್ರೆ ಅಜ್ಜಿ ಸೆಂಟೆನ್ಸಲ್ಲಿ ಹಾಕಿ ಹೇಳಿದ್ರಲ್ಲಾ ತಾತ."